ಬಾಯಿಮಾತಿನ ಭರವಸೆಗೆ ಜೂನ್‌ವರೆಗಷ್ಟೇ ಆಯುಷ್ಯ

ಮುಂಬಯಿಯ ಶಾಲೆಗಳಲ್ಲಿ ಆಟಿಸಂ ಇರುವ ಮಗುವಿಗೆ ಸಿಗುವ ನೆರವು ಬಹಳ ಸಲ ಯಾರೋ ಒಬ್ಬರ ಒಳ್ಳೆಯತನದ ಮೇಲೆ ನಿಂತಿರುತ್ತದೆ. ಎರಡನೇ ಕ್ಲಾಸಿನ ಟೀಚರಿಗೆ ಹುಡುಗನ ಮೇಲೆ ಅಕ್ಕರೆ. ಪ್ರಾರ್ಥನೆಯ ಮೈಕಿಗೆ ಅವನು ಕಿವಿ ಮುಚ್ಚಿಕೊಂಡರೆ ಗದರುವುದಿಲ್ಲ, ಡಿಕ್ಟೇಶನ್‌ನಲ್ಲಿ ಹತ್ತರ ಬದಲು ಐದು ಶಬ್ದ ಬರೆಸಿ ಸಾಕು ಎನ್ನುತ್ತಾರೆ. ಪ್ರಿನ್ಸಿಪಾಲರು "ನಾವಿದ್ದೇವಲ್ಲ, ನೀವು ಚಿಂತೆ ಬಿಡಿ" ಎಂದಿರುತ್ತಾರೆ. ಜೂನ್ ನಡುವಿನಲ್ಲಿ ಮಳೆಯ ಜತೆಗೇ ಶಾಲೆ ತೆರೆಯುತ್ತದೆ. ಮೂರನೇ ಕ್ಲಾಸಿಗೆ ಬೇರೆ ಟೀಚರು, ಪ್ರಿನ್ಸಿಪಾಲರಿಗೆ ನಿವೃತ್ತಿ. ಕಳೆದ ವರ್ಷ ಏನೇನು ನಡೆಯುತ್ತಿತ್ತೆಂಬುದು ಎಲ್ಲೂ ಬರೆದಿಲ್ಲ. ತಾಯಿ ಮತ್ತೆ ಮೊದಲಿನಿಂದ ಹೇಳಬೇಕು. ಈ ಸಲ ಕೇಳಿಸಿಕೊಳ್ಳುವವರಿಗೆ ಪುರುಸೊತ್ತಿಲ್ಲ.

ಮಗುವಿನ ಪರವಾಗಿ ಶಾಲೆಯೊಂದಿಗೆ ವ್ಯವಹರಿಸುವ ಕೆಲಸದಲ್ಲಿ ಮುಕ್ಕಾಲು ಪಾಲು ಇಷ್ಟೇ: ಒಬ್ಬರ ಮನಸ್ಸಿನಲ್ಲಿರುವುದನ್ನು ಶಾಲೆಯ ಫೈಲಿಗೆ ಇಳಿಸುವುದು. ಇದಕ್ಕೆ ಜಗಳ ಬೇಕಿಲ್ಲ, ವಕೀಲರು ಬೇಕಾಗುವುದೂ ಅಪರೂಪ. ಆದರೆ ಇಲ್ಲಿನ ನಮ್ಮ ಕನ್ನಡಿಗರು ಹಿಂಜರಿಯುವುದೂ ಇಲ್ಲೇ. ಮಾಟುಂಗ, ವಡಾಲ, ಚೆಂಬೂರು, ಡೊಂಬಿವಲಿ ಎಲ್ಲ ಕಡೆ ಮಾತು ಒಂದೇ: "ಸಂಘದ ಶಾಲೆ, ಕಮಿಟಿಯವರೆಲ್ಲ ಪರಿಚಯದವರು, ಬರೆದು ಕೊಟ್ಟರೆ ಬೇಸರ ಮಾಡಿಕೊಂಡಾರು." ಪರಿಚಯದಿಂದ ಸೀಟು ಸಿಗಬಹುದು. ಸೀಟು ಸಿಕ್ಕ ಮೇಲಿನ ಹತ್ತು ವರ್ಷ ಪರಿಚಯದ ಮೇಲೆ ನಡೆಯುವುದಿಲ್ಲ.

ಕಾನೂನು ಏನನ್ನುತ್ತದೆ ಎಂಬುದನ್ನು ಮೊದಲು ಮುಗಿಸಿಬಿಡೋಣ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಅದರ ಪಟ್ಟಿಯಲ್ಲಿರುವ 21 ಬಗೆಯ ಅಂಗವಿಕಲತೆಗಳಲ್ಲಿ ಆಟಿಸಂ ಒಂದು. 16ನೇ ಕಲಮು ಶಾಲೆಗಳ ಕುರಿತದ್ದು: ಭೇದ ಮಾಡದೆ ಸೇರಿಸಿಕೊಳ್ಳಬೇಕು, ಆಟೋಟಗಳಲ್ಲೂ ಸಮನಾಗಿ ಸೇರಿಸಬೇಕು, ಆಯಾ ಮಗುವಿನ ಅಗತ್ಯಕ್ಕೆ ತಕ್ಕ ಅನುಕೂಲ ಮಾಡಿಕೊಡಬೇಕು, ವೈಯಕ್ತಿಕ ಬೆಂಬಲ ಕೊಡಬೇಕು, ಪ್ರತಿ ಮಗುವಿನ ಪ್ರಗತಿಯ ಮೇಲೆ ಕಣ್ಣಿಡಬೇಕು. ಈ ಕಲಮಿನ ಭಾಷೆ ಸ್ವಲ್ಪ ಮೆದು ಎಂಬುದು ನಿಜ. ಶಾಲೆಗಳು ಹೀಗೆ ನಡೆದುಕೊಳ್ಳುವಂತೆ ಸರಕಾರ ಮತ್ತು ಸ್ಥಳೀಯ ಸಂಸ್ಥೆಗಳು "ಪ್ರಯತ್ನಿಸಬೇಕು" ಎಂಬ ಧಾಟಿಯಲ್ಲಿದೆ. ಶಾಲೆಯ ವಕೀಲರು ಅದನ್ನೇ ಹಿಡಿಯುತ್ತಾರೆ. ಅವರಿಗೆ ತೋರಿಸಬೇಕಾದದ್ದು 2ನೇ ಕಲಮಿನ ವ್ಯಾಖ್ಯೆ: ತಕ್ಕ ಅನುಕೂಲವನ್ನು ನಿರಾಕರಿಸುವುದೂ ತಾರತಮ್ಯವೇ. 3ನೇ ಕಲಮು ತಾರತಮ್ಯವನ್ನು ತಡೆಯುತ್ತದೆ. ಪತ್ರದಲ್ಲಿ 16ನ್ನು ಒಂದನ್ನೇ ಬರೆಯದೆ 2, 3, 16 ಮೂರನ್ನೂ ಸೇರಿಸಿ ಬರೆಯುವುದು ಇದೇ ಕಾರಣಕ್ಕೆ.

ಇಲ್ಲಿ ಮುಂಬಯಿ, ಪುಣೆಯ ಕನ್ನಡಿಗರಿಗೇ ವಿಶೇಷವಾದ ಒಂದು ಸಂಗತಿಯಿದೆ. ನಮ್ಮ ಹಲವು ಶಾಲೆಗಳಿಗೆ ಭಾಷಾ ಅಲ್ಪಸಂಖ್ಯಾತ ಸಂಸ್ಥೆಯ ಮಾನ್ಯತೆ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆ (ಆರ್‌ಟಿಇ) ಅಲ್ಪಸಂಖ್ಯಾತ ಶಾಲೆಗಳಿಗೆ ಅನ್ವಯಿಸುವುದಿಲ್ಲ ಎಂದು ಸುಪ್ರೀಂ ಕೋರ್ಟು 2014ರಲ್ಲಿ ಹೇಳಿತು. ಹಾಗಾಗಿ ಶೇ 25ರ ಉಚಿತ ಸೀಟುಗಳ ಆನ್‌ಲೈನ್ ಪಟ್ಟಿಯಲ್ಲಿ ಇಂಥ ಶಾಲೆಗಳು ಕಾಣುವುದಿಲ್ಲ. ಇದನ್ನೇ ಹಿಡಿದು "ನಮಗೆ ಆರ್‌ಟಿಇ ಇಲ್ಲ" ಎಂದು ಕಚೇರಿಯಲ್ಲಿ ಹೇಳಿದರೆ ಹೆಚ್ಚಿನ ಪಾಲಕರು ಎದ್ದು ಬರುತ್ತಾರೆ. ಆರ್‌ಟಿಇ ಇಲ್ಲ, ಸರಿ. ಆದರೆ 2016ರ ಕಾಯ್ದೆಯ 16ನೇ ಕಲಮು ಹೇಳುವುದು ಸರಕಾರದ ಅನುದಾನ ಅಥವಾ ಮಾನ್ಯತೆ ಇರುವ ಎಲ್ಲ ಶಿಕ್ಷಣ ಸಂಸ್ಥೆಗಳ ಬಗ್ಗೆ. ಅಲ್ಪಸಂಖ್ಯಾತ ಶಾಲೆಗೆ ಅದರಲ್ಲಿ ಪ್ರತ್ಯೇಕ ಬಾಗಿಲಿಲ್ಲ. ಎರಡು ಕಾಯ್ದೆಗಳನ್ನು ಕಲಸಿಕೊಳ್ಳದಿದ್ದರೆ ಅರ್ಧ ವಾದ ಅಲ್ಲೇ ಮುಗಿಯುತ್ತದೆ.

ಇನ್ನೊಂದು ಕಲಸುಮೇಲೋಗರ ಇಂಟರ್‌ನೆಟ್ಟಿನಿಂದ ಬರುತ್ತದೆ. ಅಲ್ಲಿ ಸಿಗುವ ಮಾದರಿ ಪತ್ರಗಳು, "ಐಇಪಿ ಮೀಟಿಂಗಿನಲ್ಲಿ ನಿಮ್ಮ ಹಕ್ಕುಗಳು" ಎಂಬಂಥ ಬರಹಗಳು ಹೆಚ್ಚಿನವು ಅಮೆರಿಕದ ಕಾನೂನಿಗೆ ಹೊಂದಿದವು. ಅಲ್ಲಿ ಐಇಪಿ ಎಂಬ ವೈಯಕ್ತಿಕ ಶಿಕ್ಷಣ ಯೋಜನೆಗೆ ಸ್ವತಂತ್ರ ಕಾನೂನು ಬಲವಿದೆ, ಪಾಲಕರ ಸಹಿ, ಗಡುವು ಎಲ್ಲವೂ ನಿಗದಿಯಾಗಿವೆ. ನಮ್ಮ ಕಾಯ್ದೆಯಲ್ಲಿ ಅಂಥ ನಮೂನೆಯಿಲ್ಲ. ಆ ಪತ್ರವನ್ನು ಇಳಿಸಿಕೊಂಡು ಘಾಟ್‌ಕೋಪರಿನ ಶಾಲೆಗೆ ಕೊಟ್ಟರೆ ಅವರು ಓದದೆಯೇ ಪಕ್ಕಕ್ಕಿಡುತ್ತಾರೆ, ಅದು ಅವರ ತಪ್ಪೂ ಅಲ್ಲ. ನಮ್ಮಲ್ಲಿ ಹಕ್ಕಿದೆ, ಫಾರ್ಮು ಇಲ್ಲ. ಫಾರ್ಮನ್ನು ಪಾಲಕರೇ ಮಾಡಿಕೊಳ್ಳಬೇಕು.

ಅದಕ್ಕೆ ಮೊದಲು ಅಂಗವಿಕಲತೆಯ ಪ್ರಮಾಣಪತ್ರ. ಮನೆಯ ಹಿರಿಯರ ಅತಿ ದೊಡ್ಡ ವಿರೋಧ ಇದಕ್ಕೇ. "ಹಣೆಗೆ ಚೀಟಿ ಅಂಟಿಸಿದ ಹಾಗೆ", "ಅವನ ಅಪ್ಪನೂ ನಾಲ್ಕು ವರ್ಷಕ್ಕೇ ಮಾತಾಡಿದ್ದು", "ತಂಗಿಯ ಮದುವೆಗೆ ಅಡ್ಡಿ ಬರುತ್ತದೆ." ಪ್ರಮಾಣಪತ್ರವಿಲ್ಲದೆಯೂ ಶಾಲೆಯಿಂದ ಅನುಕೂಲಗಳನ್ನು ಕೇಳಬಹುದು, ಕೊಡುವ ಶಾಲೆಗಳೂ ಇವೆ. ಆದರೆ ಬೋರ್ಡ್ ಪರೀಕ್ಷೆಯ ರಿಯಾಯಿತಿಗೆ ಪ್ರಮಾಣಪತ್ರ ಬೇಕು, 6ರಿಂದ 18 ವರ್ಷದವರೆಗಿನ ಉಚಿತ ಶಿಕ್ಷಣ (31ನೇ ಕಲಮು) ಶೇ 40 ಅಂಗವಿಕಲತೆಯ ಗೆರೆಯ ಆಚೆಗಿದೆ. ಆ ಗೆರೆಯನ್ನು ದಾಟಿದ್ದು ಕಾಗದದಲ್ಲಿ ಕಾಣಬೇಕು. ಪತ್ರವನ್ನು ಬೀರುವಿನಲ್ಲಿಟ್ಟುಕೊಂಡು ಬೇಕಾದಾಗ ತೆಗೆಯಬಹುದು. ಹತ್ತನೇ ಕ್ಲಾಸಿನ ಡಿಸೆಂಬರಿನಲ್ಲಿ ಬೇಕೆಂದರೆ ಮಾತ್ರ ಸಿಗುವುದಿಲ್ಲ.

ಅರ್ಜಿ ಹಾಕುವುದು ಯುಡಿಐಡಿಯ, ಅಂದರೆ ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿಯ, ಸ್ವಾವಲಂಬನ್ ಪೋರ್ಟಲ್ಲಿನಲ್ಲಿ. ಮುಂಬಯಿಯಲ್ಲಾದರೆ ತಪಾಸಣೆ ದೊಡ್ಡ ಸರಕಾರಿ ಮತ್ತು ಮಹಾನಗರಪಾಲಿಕೆಯ ಆಸ್ಪತ್ರೆಗಳಲ್ಲಿ. ಮಗುವಿನ ಆಧಾರ್, ವಿಳಾಸದ ದಾಖಲೆ, ಫೋಟೊ, ಹಳೆಯ ವೈದ್ಯಕೀಯ ವರದಿ ಇವು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಆ ದಿನ ಏನಾಗುತ್ತದೆ ಎಂಬುದು. ಆಟಿಸಂಗೆ ಬಳಸುವ ಭಾರತೀಯ ಮಾಪನ ಐಎಸ್‌ಎಎಯಲ್ಲಿ 40 ಅಂಶಗಳಿವೆ, ಒಂದೊಂದಕ್ಕೆ 1ರಿಂದ 5 ಅಂಕ. ಒಟ್ಟು 70ಕ್ಕಿಂತ ಕಡಿಮೆ ಬಂದರೆ ಆಟಿಸಂ ಇಲ್ಲವೆಂದು ಲೆಕ್ಕ. 70ರಿಂದ 106 ಸೌಮ್ಯ, 107ರಿಂದ 153 ಮಧ್ಯಮ, ಅದರ ಮೇಲೆ ತೀವ್ರ. 70 ಅಂಕ ಬಂದರೇ ಶೇ 40 ಅಂಗವಿಕಲತೆ ಎಂದಾಗುತ್ತದೆ. ಅಂಕಗಳ ಒಂದು ಪಾಲು ಮಗುವನ್ನು ನೋಡಿ, ಇನ್ನೊಂದು ಪಾಲು ಪಾಲಕರನ್ನು ಕೇಳಿ ಕೊಡುವುದು. ಕೆಡುವುದು ಇಲ್ಲೇ. ಅಪರಿಚಿತರೆದುರು ಮಗನ ಮರ್ಯಾದೆ ಕಾಯುವ ಅಭ್ಯಾಸದಿಂದ ತಾಯಿ "ಮನೆಯಲ್ಲಿ ಏನೂ ತೊಂದರೆ ಇಲ್ಲ, ಎಲ್ಲ ಅರ್ಥವಾಗುತ್ತದೆ" ಎಂದುಬಿಡುತ್ತಾರೆ. ಅವನಿಗೆ ಅರ್ಥವಾಗಲೆಂದು ಮನೆಯವರು ದಿನವಿಡೀ ಏನೇನು ಮಾಡುತ್ತಾರೆ ಎಂಬುದನ್ನು ಹೇಳುವುದಿಲ್ಲ. ಒಂದೆರಡು ನಿಮಿಷದ ಮೂರು ವಿಡಿಯೊ ಮೊಬೈಲಿನಲ್ಲಿ ಇಟ್ಟುಕೊಂಡು ಹೋಗುವುದು ಲೇಸು: ಊಟದ ಹೊತ್ತಿನದು, ಬೇರೆ ಮಕ್ಕಳ ಜತೆಗಿರುವಾಗಿನದು, ಯೋಚಿಸಿದ್ದು ಇದ್ದಕ್ಕಿದ್ದಂತೆ ಬದಲಾದಾಗಿನದು. ಫಲಿತಾಂಶ ಒಪ್ಪಿಗೆಯಾಗದಿದ್ದರೆ 59ನೇ ಕಲಮಿನಡಿ ಮೇಲ್ಮನವಿ ಇದೆ. ರಜೆಗೆ ಊರಿಗೆ ಹೋದಾಗ ಮಂಗಳೂರಿನಲ್ಲೋ ಉಡುಪಿಯಲ್ಲೋ ಮಾಡಿಸಿದ ಪ್ರಮಾಣಪತ್ರವನ್ನು "ಕರ್ನಾಟಕದ್ದು, ಇಲ್ಲಿ ನಡೆಯುವುದಿಲ್ಲ" ಎನ್ನುವವರಿದ್ದಾರೆ. 58ನೇ ಕಲಮಿನ ಪ್ರಕಾರ ಅದು ದೇಶವಿಡೀ ನಡೆಯುತ್ತದೆ.

ಆಸ್ಪತ್ರೆಯ ಪ್ರಮಾಣಪತ್ರ ಶೇಕಡಾವಾರನ್ನು ಹೇಳುತ್ತದೆ. ಟೀಚರು ಸೋಮವಾರ ಬೆಳಿಗ್ಗೆ ಏನು ಮಾಡಬೇಕೆಂದು ಹೇಳುವುದಿಲ್ಲ. ಅದಕ್ಕೆ ಬೇರೆಯೇ ವರದಿ ಬೇಕು: ಬೆಳವಣಿಗೆಯ ತಜ್ಞ ಮಕ್ಕಳ ವೈದ್ಯರದು, ಆಕ್ಯುಪೇಶನಲ್ ಥೆರಪಿಸ್ಟರದು ಅಥವಾ ವಿಶೇಷ ಶಿಕ್ಷಕರದು. ಮುಂಬಯಿಯಲ್ಲಿ 2001ರಿಂದ ಇರುವ ಉಮೀದ್, ಬಾಂದ್ರಾದ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆಯಂಥ ಕಡೆ ಹೋಗುವವರು ಒಂದು ಮಾತನ್ನು ಮೊದಲೇ ಕೇಳಿಕೊಳ್ಳಬೇಕು: ವರದಿಯ ಕೊನೆಗೆ "ಶಾಲೆಗೆ ಸೂಚನೆಗಳು" ಎಂಬ ಒಂದು ಪುಟ ಇರಲಿ, ಒಂದೊಂದು ಸೂಚನೆಯೂ ಶಾಲೆ ಮಾಡಬಲ್ಲ ಕೆಲಸವಾಗಿರಲಿ. "ಇಂದ್ರಿಯ ಸಂವೇದನೆಯ ತೊಂದರೆಗಳಿವೆ" ಎಂಬ ಸಾಲಿನಿಂದ ಟೀಚರಿಗೆ ಉಪಯೋಗವಿಲ್ಲ. "ರಸ್ತೆ ಕಡೆಯ ಕಿಟಕಿಯಿಂದಲೂ ಸದ್ದು ಮಾಡುವ ಫ್ಯಾನಿನಿಂದಲೂ ದೂರ, ಮುಂದಿನ ಸಾಲಿನ ಗೋಡೆ ಬದಿಯಲ್ಲಿ ಕೂರಿಸಿ" ಎಂದರೆ ನಾಳೆಯೇ ಆಗುತ್ತದೆ.

ಯಾವ ಭಾಷೆಯಲ್ಲಿ ಪರೀಕ್ಷಿಸಿದರೆಂಬುದೂ ವರದಿಯಲ್ಲಿ ಬರಲೇಬೇಕು. ಮನೆಯಲ್ಲಿ ತುಳು ಇಲ್ಲವೇ ಕನ್ನಡ, ಕಟ್ಟಡದ ಕೆಳಗೆ ಹಿಂದಿ, ಶಾಲೆಯಲ್ಲಿ ಇಂಗ್ಲಿಷು, ಜತೆಗೆ ಮರಾಠಿ. ಇಂಥ ಮಗುವನ್ನು ಇಂಗ್ಲಿಷಿನಲ್ಲಷ್ಟೇ ಪರೀಕ್ಷಿಸಿ "ಶಬ್ದಸಂಪತ್ತು ಎರಡು ವರ್ಷ ಹಿಂದೆ" ಎಂದು ಬರೆದರೆ ಅದು ಅರ್ಧ ಸತ್ಯ. ಕನ್ನಡ ಬರುವ ಸ್ಪೀಚ್ ಥೆರಪಿಸ್ಟ್ ಇಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಆದ್ದರಿಂದ ಮಗು ಮನೆಯಲ್ಲಿ ಬಳಸುವ, ಇಲ್ಲವೇ ಹೇಳಿದರೆ ತಿಳಿಯುವ ಐವತ್ತು ಅರವತ್ತು ಶಬ್ದಗಳನ್ನು ಅರ್ಥದೊಂದಿಗೆ ಬರೆದು ಒಯ್ಯಬೇಕು. ಪರೀಕ್ಷಿಸುವವರು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವಂತೆ ಕೇಳಬೇಕು. ಇನ್ನು "ಮನೆಯಲ್ಲಿ ಕನ್ನಡ ನಿಲ್ಲಿಸಿ, ಇಂಗ್ಲಿಷೇ ಮಾತಾಡಿ" ಎಂಬ ಸಲಹೆ. ಈಗಲೂ ಶಾಲೆಗಳು, ಕೆಲವು ವೈದ್ಯರು ಕೂಡ ಕೊಡುವ ಸಲಹೆ ಇದು. ಎರಡು ಭಾಷೆ ಕೇಳಿ ಬೆಳೆಯುವುದರಿಂದ ಆಟಿಸಂ ಮಕ್ಕಳ ಮಾತು ಮತ್ತಷ್ಟು ತಡವಾಗುತ್ತದೆ ಎಂಬುದನ್ನು ಈವರೆಗಿನ ಸಂಶೋಧನೆಗಳು ತೋರಿಸಿಲ್ಲ. ತಾಯಿಗೆ ಸರಾಗವಲ್ಲದ ಇಂಗ್ಲಿಷಿನಲ್ಲಿ ಮಾತು ಕಮ್ಮಿಯಾಗುತ್ತದೆ, ಅಜ್ಜಿ ಪೂರ್ತಿ ಹೊರಗುಳಿಯುತ್ತಾರೆ. ಕೊನೆಗೆ ಮಗುವಿನ ಕಿವಿಗೆ ಬೀಳುವ ಮಾತೇ ಕಡಿಮೆ. ಈ ಸಲಹೆಯನ್ನು ನಯವಾಗಿ ಕೇಳಿ, ಪಾಲಿಸದೆ ಬಿಡಬಹುದು.

ಶಾಲೆಯ ಭಾಷೆಗಳ ಹೊರೆ ಬೇರೆ ಮಾತು. ಮಹಾರಾಷ್ಟ್ರದಲ್ಲಿ 2020ರ ಕಾಯ್ದೆಯಿಂದ ಎಲ್ಲ ಬೋರ್ಡುಗಳ ಶಾಲೆಗಳಲ್ಲಿ ಮರಾಠಿ ಕಡ್ಡಾಯ. ಇತ್ತ 2016ರ ಕಾಯ್ದೆಯ 17ನೇ ಕಲಮು ಪಠ್ಯ ಮತ್ತು ಪರೀಕ್ಷೆಯ ಮಾರ್ಪಾಟುಗಳಲ್ಲಿ ಎರಡನೇ, ಮೂರನೇ ಭಾಷೆಯ ವಿನಾಯಿತಿಯನ್ನು ಹೆಸರಿಸಿಯೇ ಹೇಳುತ್ತದೆ. ಸಿಬಿಎಸ್‌ಇಯಲ್ಲಿ ಮೂರನೇ ಭಾಷೆಯ ವಿನಾಯಿತಿಗೂ, ಹತ್ತರಲ್ಲಿ ಎರಡರ ಬದಲು ಒಂದೇ ಭಾಷೆ ತೆಗೆದುಕೊಳ್ಳುವುದಕ್ಕೂ ಅವಕಾಶವಿದೆ. ಇದನ್ನು ಕೇಳುವಾಗ ಒಂದು ಕ್ಷಣ ನಿಲ್ಲಬೇಕು. ಮಗು ಮರಾಠಿ ಕೇಳಿ ಅರ್ಥಮಾಡಿಕೊಳ್ಳುವುದಾದರೆ, ಶಾಲೆಯ ಮೌಶಿಯೊಂದಿಗೆ (ಆಯಾ) ಅದರಲ್ಲೇ ಎರಡು ಮಾತಾಡುವುದಾದರೆ, ತರಗತಿಯಿಂದ ಎಬ್ಬಿಸುವುದಕ್ಕಿಂತ ಬರವಣಿಗೆಯ ಪರೀಕ್ಷೆಯಿಂದ ಬಿಡುಗಡೆ ಕೇಳುವುದು ಲಾಭ. ಮರಾಠಿ ಬಾರದೆ ಈ ಊರಿನಲ್ಲಿ ದೊಡ್ಡವನಾಗುವುದು ಅವನಿಗೇ ಕಷ್ಟ.

ಈಗ ಪತ್ರ. ಒಂದೂವರೆ ಪುಟ ಮೀರಬಾರದು. ಮೀರಿದರೆ ಪ್ರಿನ್ಸಿಪಾಲರು ಟ್ರಸ್ಟಿಗೆ ಕಳಿಸುತ್ತಾರೆ, ಟ್ರಸ್ಟಿ ವಕೀಲರಿಗೆ. ಮೊದಲ ಪ್ಯಾರಾದಲ್ಲಿ ಮಗುವಿನ ಹೆಸರು, ತರಗತಿ, ಯುಡಿಐಡಿ ಸಂಖ್ಯೆ, ಜತೆಗಿರುವ ವರದಿ. ಎರಡನೆಯದರಲ್ಲಿ ಅವನಿಗೆ ಏನು ಬರುತ್ತದೆ ಎಂಬುದು, ನಾಲ್ಕು ಸಾಲು. ಇದನ್ನು ಬಿಟ್ಟವರ ಪತ್ರ ದೂರಿನಂತೆ ಓದಿಸಿಕೊಳ್ಳುತ್ತದೆ. ಆಮೇಲೆ ಬೇಡಿಕೆಗಳು, ಐದಾರು ಸಾಕು, ಒಂದೊಂದರಲ್ಲೂ ಯಾರು, ಯಾವಾಗ, ಏನು ಎಂಬುದು ಸ್ಪಷ್ಟವಿರಬೇಕು. "ಸ್ವಲ್ಪ ಪ್ರೀತಿಯಿಂದ ನೋಡಿಕೊಳ್ಳಿ" ಎಂಬುದು ಬೇಡಿಕೆಯಲ್ಲ. ಬೇಡಿಕೆ ಎಂದರೆ ಹೀಗೆ: ಪ್ರಾರ್ಥನೆಗೆ ಸ್ಪೀಕರಿನಿಂದ ದೂರ ಸಾಲಿನ ಕೊನೆಗೆ ನಿಲ್ಲಲಿ, ಕಿವಿಗೆ ಸದ್ದು ತಡೆಯುವ ಹೆಡ್‌ಫೋನ್ ಹಾಕಿಕೊಳ್ಳಲಿ. ದಿನದ ಪೀರಿಯಡ್ಡುಗಳ ಚಿತ್ರಪಟ್ಟಿ ಅವನ ಡೆಸ್ಕಿನ ಮೇಲೆ ಅಂಟಿಸಿರಲಿ, ಪ್ರಾಕ್ಸಿ ಟೀಚರು ಬರುವ ದಿನ ಕ್ಲಾಸ್ ಟೀಚರು ಬೆಳಿಗ್ಗೆಯೇ ಅದರಲ್ಲಿ ತಿದ್ದಿ ತೋರಿಸಲಿ. ಎರಡು ಪೀರಿಯಡ್ಡಿಗೊಮ್ಮೆ ಐದು ನಿಮಿಷ ಹೊರಗೆ ಹೋಗಿ ನೀರಿನ ಬಾಟಲಿ ತುಂಬಿಕೊಂಡು ಬರಲಿ. ಬೋರ್ಡಿನಿಂದ ನಕಲು ಮಾಡುವುದರ ಬದಲು ಅಚ್ಚಾದ ಹಾಳೆ ಸಿಗಲಿ. ಮಾತಿನ ಬದಲು ಚಿತ್ರದ ಆ್ಯಪ್ ಬಳಸುವ ಮಗುವಾದರೆ (ಐಐಟಿ ಬಾಂಬೆಯಲ್ಲಿ ರೂಪುಗೊಂಡ ಜೆಲ್ಲೊ ಉಚಿತವಾಗಿ ಸಿಗುತ್ತದೆ) ಆ ಟ್ಯಾಬ್ಲೆಟ್ ಶಾಲೆಯ ಮೊಬೈಲ್ ನಿಷೇಧದೊಳಗೆ ಬರುವುದಿಲ್ಲ ಎಂದು ಬರೆಸಿಕೊಳ್ಳಲೇಬೇಕು. ಇಲ್ಲದಿದ್ದರೆ ಹೊಸ ಟೀಚರು ಮೊದಲ ದಿನವೇ ಅದನ್ನು ಕಪಾಟಿನಲ್ಲಿಡುತ್ತಾರೆ. ಕಪಾಟು ಸೇರುವುದು ಆಟಿಕೆಯಲ್ಲ, ಮಗುವಿನ ಬಾಯಿ.

ಕಾನೂನಿನ ಕಲಮುಗಳು ಕೊನೆಯ ಪ್ಯಾರಾದಲ್ಲಿ ಎರಡೇ ಸಾಲು. ಮೊದಲ ಸಾಲಿನಲ್ಲೇ ಕಾಯ್ದೆ ಎತ್ತಿದರೆ ಆ ಶಾಲೆಯಲ್ಲಿ ಮುಂದಿನ ವರ್ಷಗಳು ಒರಟಾಗುತ್ತವೆ. ಎಲ್ಲೂ ಹೇಳದಿದ್ದರೆ ಪತ್ರ ಬರೀ ವಿನಂತಿಯಾಗುತ್ತದೆ. ಎರಡು ಪ್ರತಿ ಒಯ್ದು ಒಂದರ ಮೇಲೆ ಇನ್‌ವರ್ಡ್ ನಂಬರು, ತಾರೀಕು, ಶಿಕ್ಕೆ (ಮೊಹರು) ಹಾಕಿಸಿಕೊಂಡು ಬರಬೇಕು. ಕ್ಲರ್ಕು "ಸಾಹೇಬರಿಲ್ಲ, ನಾಳೆ ಬನ್ನಿ" ಎಂದರೆ ಮರುಮಾತಾಡದೆ ಅಂದೇ ಸ್ಪೀಡ್ ಪೋಸ್ಟ್ ಮಾಡಿ, ಅದೇ ಪತ್ರವನ್ನು ಶಾಲೆಯ ಇಮೇಲಿಗೂ ಹಾಕಬೇಕು. ವಾಟ್ಸ್‌ಆ್ಯಪ್ ಲೆಕ್ಕಕ್ಕಿಲ್ಲ, ಟೀಚರು ಶಾಲೆ ಬಿಟ್ಟರೆ ಅವರ ಫೋನಿನ ಜತೆ ಅದೂ ಹೋಯಿತು.

ಪತ್ರದ ನಂತರದ ಸಭೆಗೆ ಕ್ಲಾಸ್ ಟೀಚರು, ಸೂಪರ್‌ವೈಸರು, ಶಾಲೆಗೆ ವಿಶೇಷ ಶಿಕ್ಷಕರಿದ್ದರೆ ಅವರು, ಇಷ್ಟು ಜನ ಬೇಕು. ಪಿಟಿ ಸರ್, ಮೌಶಿ, ಬಸ್ಸಿನ ಅಟೆಂಡೆಂಟ್ ಇವರನ್ನು ಯಾರೂ ಕರೆಯುವುದಿಲ್ಲ. ಮಗು ಕಂಗೆಡುವುದು ಹೆಚ್ಚಾಗಿ ಇವರ ಪಾಳಿಯಲ್ಲೇ: ಮೈದಾನ, ಶೌಚಾಲಯ, ಬಸ್ಸು. ಐದು ನಿಮಿಷಕ್ಕಾದರೂ ಕರೆಸಲು ಕೇಳಿ. ವಿಶೇಷ ಶಿಕ್ಷಕರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರಬೇಕು. "ನಮ್ಮಲ್ಲಿ ಕೌನ್ಸೆಲರ್ ಇದ್ದಾರೆ" ಎಂಬುದು ಅದಕ್ಕೆ ಉತ್ತರವಲ್ಲ, ಎರಡೂ ಬೇರೆ ಕೆಲಸ. ಇಂಥ ವಿಶೇಷ ಮಕ್ಕಳಲ್ಲಿ ಪ್ರಾಥಮಿಕ ಹಂತದಲ್ಲಿ 10 ಮಕ್ಕಳಿಗೊಬ್ಬರು, ಮುಂದಿನ ಹಂತದಲ್ಲಿ 15 ಮಕ್ಕಳಿಗೊಬ್ಬರು ವಿಶೇಷ ಶಿಕ್ಷಕರಿರಬೇಕೆಂಬ ಪ್ರಮಾಣವನ್ನು ಸುಪ್ರೀಂ ಕೋರ್ಟು 2021ರಲ್ಲಿ ಹೇಳಿ, 2025ರ ಮಾರ್ಚ್‌ನಲ್ಲಿ ಹುದ್ದೆಗಳನ್ನು ಮಂಜೂರು ಮಾಡುವಂತೆ ರಾಜ್ಯಗಳಿಗೆ ಮತ್ತೆ ಆದೇಶಿಸಿತು. ಮಹಾನಗರಪಾಲಿಕೆಯ ಇಲ್ಲವೇ ಅನುದಾನಿತ ಶಾಲೆಯಾದರೆ, ಈ ವಾರ್ಡಿಗೆ ಎಷ್ಟು ವಿಶೇಷ ಶಿಕ್ಷಕರು, ನಮ್ಮ ಶಾಲೆಗೆ ವಾರದಲ್ಲಿ ಯಾವ ದಿನ ಬರುತ್ತಾರೆ ಎಂದು ಹತ್ತು ರೂಪಾಯಿಯ ಮಾಹಿತಿ ಹಕ್ಕಿನ ಅರ್ಜಿಯಲ್ಲಿ ಕೇಳಬಹುದು. ಮೂವತ್ತು ದಿನದಲ್ಲಿ ಉತ್ತರ ಬರಬೇಕು. ಎಷ್ಟೋ ಸಲ ಅರ್ಜಿ ಹೋದ ಮೇಲೆ ಶಿಕ್ಷಕರೇ ಬರತೊಡಗುತ್ತಾರೆ.

ಸಭೆಯಲ್ಲಿ ಗುರಿಗಳು ಮೂರು ನಾಲ್ಕು ಸಾಕು. "ಏಕಾಗ್ರತೆ ಸುಧಾರಿಸಬೇಕು" ಎಂದು ಬರೆದರೆ ಮಾರ್ಚ್‌ನಲ್ಲಿ ಸುಧಾರಿಸಿತೋ ಇಲ್ಲವೋ ಎಂದು ಇಬ್ಬರೂ ವಾದಿಸುತ್ತ ಕೂರಬೇಕು. "ಗಣಿತದ ಪೀರಿಯಡ್ಡಿನಲ್ಲಿ ಒಂದು ಸಲ ಮಾತ್ರ ನೆನಪಿಸಿದರೆ ಹತ್ತು ನಿಮಿಷ ಕುಳಿತು ಐದರಲ್ಲಿ ನಾಲ್ಕು ಲೆಕ್ಕ ಮಾಡುವುದು, ದೀಪಾವಳಿ ರಜೆಯೊಳಗೆ" ಎಂದರೆ ಎಣಿಸಬಹುದು. ಮನೆಗೆ ಬಂದ ರಾತ್ರಿಯೇ ಇಮೇಲ್: ಇಂದು ಮಾತಾದದ್ದು ಇವು, ಒಪ್ಪಿದ್ದು ಇವು, ಬಾಕಿ ಇರುವುದು ಇವು, ಬಿಟ್ಟುಹೋಗಿದ್ದರೆ ತಿಳಿಸಿ. ಶಾಲೆ ಸಭೆಯ ನಡಾವಳಿ ಬರೆಯದಿದ್ದರೆ ಈ ಇಮೇಲೇ ನಡಾವಳಿ.

ಶ್ಯಾಡೋ ಟೀಚರಿನ ಪ್ರಶ್ನೆಯಲ್ಲಿ ಹಣವೂ ಹೋಗುತ್ತದೆ, ಹಕ್ಕೂ ಹೋಗುತ್ತದೆ. ಪಾಲಕರೇ ಸಂಬಳ ಕೊಟ್ಟು ಒಬ್ಬರನ್ನು ಮಗುವಿನ ಪಕ್ಕ ಕೂರಿಸಬೇಕು, ಇಲ್ಲದಿದ್ದರೆ ಸೀಟಿಲ್ಲ ಎಂಬ ಷರತ್ತಿಗೆ ಕಾಯ್ದೆಯಲ್ಲಿ ಎಲ್ಲೂ ಆಧಾರವಿಲ್ಲ. ಆದರೂ ಐವತ್ತು ಮಕ್ಕಳ ತರಗತಿಯನ್ನು ನೋಡಿದ ಪಾಲಕರು ಒಪ್ಪುತ್ತಾರೆ; ಅವರನ್ನು ದೂರುವಂತಿಲ್ಲ. ಒಪ್ಪುವುದಾದರೆ ಮೂರು ಸಂಗತಿ ಬರೆದುಕೊಳ್ಳಲಿ. ಪಾಠ ಹೇಳಿಕೊಡುವುದು ಕ್ಲಾಸ್ ಟೀಚರೇ, ಶ್ಯಾಡೋ ಬರೀ ನೆರವಿಗೆ. ಕೂರುವುದು ಮಗುವಿನ ಪಕ್ಕದಲ್ಲಲ್ಲ, ಹಿಂದೆ. ಪಕ್ಕದಲ್ಲಿ ದೊಡ್ಡವರಿದ್ದರೆ ಬೇರೆ ಮಕ್ಕಳು ಹತ್ತಿರ ಬರುವುದಿಲ್ಲ. ನೆರವು ಯಾವ ವಿಷಯದಿಂದ ಶುರುವಾಗಿ ಯಾವಾಗ ಕಡಿಮೆಯಾಗುತ್ತದೆ ಎಂಬುದಕ್ಕೆ ತಿಂಗಳ ಲೆಕ್ಕವಿರಲಿ. ಇಲ್ಲದಿದ್ದರೆ ನಾಲ್ಕನೇ ಕ್ಲಾಸಿನಲ್ಲೂ ಶ್ಯಾಡೋ ಪೆನ್ಸಿಲ್ ಕೈಗಿಡದೆ ಮಗು ಬರೆಯುವುದಿಲ್ಲ. "ಇವತ್ತು ಶ್ಯಾಡೋ ರಜೆ, ಮಗುವನ್ನೂ ಕಳಿಸಬೇಡಿ" ಎಂಬ ಸಂದೇಶ ಬಂದ ದಿನ ಉತ್ತರ ಬರಹದಲ್ಲಿ ಹೋಗಬೇಕು: ಮಗು ಶಾಲೆಯ ವಿದ್ಯಾರ್ಥಿ, ಬರುತ್ತಾನೆ.

ಇದರದೇ ಇನ್ನೊಂದು ರೂಪ ಹನ್ನೊಂದು ಗಂಟೆಯ ಫೋನು. "ಕಿರುಚುತ್ತಿದ್ದಾನೆ, ಕರೆದುಕೊಂಡು ಹೋಗಿ." ತಿಂಗಳಲ್ಲಿ ನಾಲ್ಕೈದು ಸಲ ಹೀಗಾದರೆ ಅದು ಹೆಸರಿಲ್ಲದ ಅಮಾನತು. ಇದರಿಂದ ಮತ್ತೊಂದು ಕೇಡೂ ಇದೆ: ಕಿರುಚಿದರೆ ಮನೆಗೆ ಹೋಗಬಹುದೆಂದು ಮಗು ಕಲಿಯುತ್ತದೆ, ಕಿರುಚು ಹೆಚ್ಚುತ್ತದೆ. ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಸಲವೂ ತಾರೀಕು, ಫೋನು ಬಂದ ಸಮಯ, ಫೋನು ಮಾಡಿದವರು, ಅದಕ್ಕೆ ಹದಿನೈದು ನಿಮಿಷ ಮೊದಲು ತರಗತಿಯಲ್ಲಿ ಏನು ನಡೆಯುತ್ತಿತ್ತು, ಮಗು ಏನು ಮಾಡಿತು, ಆಮೇಲೆ ದೊಡ್ಡವರು ಏನು ಮಾಡಿದರು ಎಂದು ಬರೆದಿಡಬೇಕು. ಹತ್ತು ನಮೂದಾಗುವುದರೊಳಗೆ ಜಾಡು ಕಾಣತೊಡಗುತ್ತದೆ: ಎಲ್ಲವೂ ಬುಧವಾರದ ಮ್ಯೂಸಿಕ್ ಪೀರಿಯಡ್ಡಿನ ನಂತರ, ಇಲ್ಲವೇ ವಾರ್ಷಿಕೋತ್ಸವದ ತಾಲೀಮಿನ ವಾರಗಳಲ್ಲಿ, ಇಲ್ಲವೇ ಮಳೆಯಿಂದ ಮೈದಾನ ತಪ್ಪಿದ ದಿನಗಳಲ್ಲಿ. ಆ ಪುಟ ಹಿಡಿದು ಮಾತಾಡಿದರೆ ಟೀಚರು ನಮ್ಮ ಕಡೆಗೆ ಬರುತ್ತಾರೆ, ಯಾಕೆಂದರೆ ಅವರಿಗೂ ಬೇಕಿರುವುದು ಇದೇ. ಹೊಡೆದದ್ದು, ಬೇಕೆಂದೇ ನಾಲ್ಕು ಜನರೆದುರು ಅವಮಾನಿಸಿದ್ದು ಕಂಡುಬಂದರೆ ಮಾತ್ರ ಸಭೆಯ ದಾರಿ ಬಿಟ್ಟು 92ನೇ ಕಲಮಿಗೆ ಹೋಗಬೇಕು. ಅದರಲ್ಲಿ ಆರು ತಿಂಗಳಿಂದ ಐದು ವರ್ಷದವರೆಗೆ ಶಿಕ್ಷೆಯಿದೆ.

ಸಹಿ ಹಾಕುವಾಗ ಎರಡು ಕಾಗದಗಳ ಬಗ್ಗೆ ಎಚ್ಚರ. ಒಂದು, ಸೇರುವಾಗ ಕೇಳುವ ಹಮೀಪತ್ರ, ಅಂದರೆ ಮುಚ್ಚಳಿಕೆ: "ವರ್ತನೆಯಲ್ಲಿ ತೊಂದರೆಯಾದರೆ ನಾವೇ ಮಗುವನ್ನು ಬಿಡಿಸಿಕೊಳ್ಳುತ್ತೇವೆ." ಇದಕ್ಕೆ ಸಹಿ ಹಾಕದೆ ಸೀಟಿಲ್ಲವೆಂದರೆ ಸಹಿಯ ಮೇಲೆ "2016ರ ಕಾಯ್ದೆಯ ಹಕ್ಕುಗಳನ್ನು ಉಳಿಸಿಕೊಂಡು" ಎಂದು ಕೈಯಲ್ಲಿ ಬರೆದು ಫೋಟೊ ತೆಗೆದಿಡಬೇಕು. ಎರಡನೆಯದು ಎಲ್‌ಸಿ (ಶಾಲೆ ಬಿಟ್ಟ ಪ್ರಮಾಣಪತ್ರ) ಅರ್ಜಿ. ತಾನಾಗಿ ತೆಗೆದುಹಾಕಿದೆ ಎಂದು ಯಾವ ಶಾಲೆಯೂ ಬರೆದುಕೊಡುವುದಿಲ್ಲ. "ಇಲ್ಲಿ ಮಗುವಿಗೇ ಕಷ್ಟ, ನೀವೇ ಅರ್ಜಿ ಕೊಡಿ, ಒಳ್ಳೆಯ ರಿಮಾರ್ಕ್ ಹಾಕಿಕೊಡುತ್ತೇವೆ" ಎನ್ನುತ್ತಾರೆ. ಆ ಅರ್ಜಿ ಕೊಟ್ಟ ಮೇಲೆ ಕಾಗದದ ಪ್ರಕಾರ ಪಾಲಕರು ಸ್ವಇಚ್ಛೆಯಿಂದ ಹೋದರು, ಯಾರ ಮೇಲೂ ದೂರಿಲ್ಲ. ವಿಶೇಷ ಶಾಲೆ ಕೀಳೆಂದು ಈ ಮಾತಲ್ಲ. ನೆರೆಹೊರೆಯ ಶಾಲೆಯೋ ವಿಶೇಷ ಶಾಲೆಯೋ ಎಂಬ ಆಯ್ಕೆಯನ್ನು 31ನೇ ಕಲಮೇ ಕೊಟ್ಟಿದೆ, ಕೆಲವು ಮಕ್ಕಳು ಅಲ್ಲಿಯೇ ಅರಳುತ್ತಾರೆ. ಆದರೆ ಆಯ್ಕೆ ಮನೆಯಲ್ಲಿ ಕೂತು ಆಗಬೇಕು, ಆಫೀಸಿನ ಬಾಗಿಲಲ್ಲಿ ನಿಂತಲ್ಲ. ಹೊಸ ಸೀಟು ಕೈಗೆ ಬರುವ ಮುಂಚೆ ಎಲ್‌ಸಿಗೆ ಸಹಿ ಬೇಡ.

ದೂರು ಕೊಡುವ ಮೆಟ್ಟಿಲುಗಳು ಬೇಗ ಹೇಳಿ ಮುಗಿಯುವಂಥವು. ಶಾಲೆಗೆ ಬರೆದು ಹದಿನೈದು ದಿನ, ನೆನಪೋಲೆ, ಆಮೇಲೆ ಆಡಳಿತ ಮಂಡಳಿ. ಅಲ್ಲೂ ಆಗದಿದ್ದರೆ ಮುಂಬಯಿಯಲ್ಲಿ ಪ್ರಾಥಮಿಕ ಶಾಲೆಗೆ ಮಹಾನಗರಪಾಲಿಕೆಯ ಶಿಕ್ಷಣಾಧಿಕಾರಿ, ಮಾಧ್ಯಮಿಕಕ್ಕೆ ಆಯಾ ವಿಭಾಗದ ಶಿಕ್ಷಣ ನಿರೀಕ್ಷಕರು. ಕೊನೆಗೆ ರಾಜ್ಯದ ದಿವ್ಯಾಂಗ ಆಯುಕ್ತರು, ಅವರ ಕಚೇರಿ ಪುಣೆಯಲ್ಲಿದೆ. ಆಯುಕ್ತರು ಶಿಫಾರಸು ಮಾಡಿದರೆ ಸಂಬಂಧಪಟ್ಟ ಅಧಿಕಾರಿ ಮೂರು ತಿಂಗಳೊಳಗೆ ತೆಗೆದುಕೊಂಡ ಕ್ರಮವನ್ನು ತಿಳಿಸಬೇಕು. ಪುಣೆಗೆ ಕಳಿಸುವ ದೂರಿನಲ್ಲಿ ಕತೆ ಎರಡು ಪುಟ, ಉಳಿದದ್ದು ಇನ್‌ವರ್ಡ್ ಶಿಕ್ಕೆಯ ಪ್ರತಿಗಳು, ಇಮೇಲುಗಳು, ಆ ನೋಟ್‌ಬುಕ್ಕಿನ ಪುಟಗಳು. ಮಕ್ಕಳಿಗೂ ಅಂಗವಿಕಲರಿಗೂ ಆದಾಯ ನೋಡದೆ ಉಚಿತ ವಕೀಲರನ್ನು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಕೊಡುತ್ತದೆ ಎಂಬುದು ನಮ್ಮಲ್ಲಿ ಬಹಳ ಜನಕ್ಕೆ ತಿಳಿಯದು.

ಬೋರ್ಡ್ ಪರೀಕ್ಷೆಯ ರಿಯಾಯಿತಿ ಹತ್ತನೆಯದರಲ್ಲಿ ಕೇಳುವಂಥದಲ್ಲ, ಎಂಟರಲ್ಲಿ ಶುರುಮಾಡುವಂಥದು. ಸಿಬಿಎಸ್‌ಇ ಗಂಟೆಗೆ 20 ನಿಮಿಷದಂತೆ ಮೂರು ಗಂಟೆಯ ಪತ್ರಿಕೆಗೆ 60 ನಿಮಿಷ ಹೆಚ್ಚು ಕೊಡುತ್ತದೆ. ರಾಜ್ಯ ಬೋರ್ಡಿನಲ್ಲೂ ಹೆಚ್ಚುವರಿ ಸಮಯ ಮತ್ತು ಬರೆದುಕೊಡುವವರ ಸೌಲಭ್ಯ ಇದೆ, ಅರ್ಜಿ ಶಾಲೆಯ ಮೂಲಕವೇ ವಾಶಿಯ ವಿಭಾಗೀಯ ಕಚೇರಿಗೆ ಹೋಗಬೇಕು. ಬರೆಯುವವನು ಪರೀಕ್ಷಾರ್ಥಿಗಿಂತ ಕೆಳಗಿನ ತರಗತಿಯವನಾಗಿರಬೇಕು. ಆಟಿಸಂ ಇರುವ ಮಗುವಿಗೆ ಇಲ್ಲೊಂದು ತೊಡಕು: ಪರಿಚಯವಿಲ್ಲದ ಹುಡುಗ ಪಕ್ಕದಲ್ಲಿ ಕೂತರೆ ಬರುವ ಉತ್ತರವೂ ಹೊರಬರುವುದಿಲ್ಲ, ಅಲ್ಪವಿರಾಮ ಸಹಿತ ಹೇಳಿ ಬರೆಸುವುದೇ ಬೇರೆ ವಿದ್ಯೆ. ಎಂಟನೆಯ ಯುನಿಟ್ ಟೆಸ್ಟಿನಿಂದಲೇ ಒಂದು ಪತ್ರಿಕೆಯನ್ನು ಬರೆಸಿ, ಇನ್ನೊಂದನ್ನು ತಾನೇ ಹೆಚ್ಚುವರಿ ಸಮಯದಲ್ಲಿ ಬರೆದು ನೋಡಲಿ. ಯಾವುದರಲ್ಲಿ ಎಷ್ಟು ಅಂಕ ಬಂತು, ಎಷ್ಟು ನಿಮಿಷ ಬೇಕಾಯಿತು ಎಂಬುದನ್ನು ಉತ್ತರಪತ್ರಿಕೆಯ ಮೇಲೆಯೇ ಟೀಚರಿಂದ ಬರೆಸಿ ಫೈಲಿನಲ್ಲಿಟ್ಟರೆ, ಒಂಬತ್ತರ ಕೊನೆಗೆ ಯಾವ ರಿಯಾಯಿತಿ ಕೇಳಬೇಕು, ಯಾವುದು ಬೇಡ ಎಂದು ತೀರ್ಮಾನಿಸಲು ಬೇರೆ ಏನೂ ಬೇಕಾಗುವುದಿಲ್ಲ. ಅಷ್ಟರಲ್ಲಿ ಯುಡಿಐಡಿ ಕಾರ್ಡಿನ ಮೇಲೆ ಮುಗಿಯುವ ತಾರೀಕು ಇದ್ದರೆ ಒಮ್ಮೆ ನೋಡಿಕೊಳ್ಳಿ. ನವೀಕರಣದ ಸಾಲೂ ಪರೀಕ್ಷೆಯ ಸಾಲೂ ಒಂದೇ ತಿಂಗಳಲ್ಲಿ ಬಂದು ಬೀಳುವುದುಂಟು.